ರೂಪಾಯಿಗೆ ಹನ್ನೆರಡಾಣೆ ನೋವು



ಮೂರು ವರ್ಷದ ಹಿಂದಿನ ಮಾತು. ವಡೋದರಾ ನಗರದ ದಕ್ಷಿಣಕ್ಕೆ ಮಂಜಲ್‌ಪುರ ಅಂತ ನಮ್ಮ ಬಡಾವಣೆ. ಅದನ್ನು ದಾಟಿದರೆ ಮಕರಪುರದ ಕಾರ್ಖಾನೆಗಳು. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಧಾರವಾಡದಿಂದ ಇಲ್ಲಿಗೆ ಕರೆದುಕೊಂಡು ಬಂದೆ. ಬಂದ ಎರಡನೇ ತಿಂಗಳಿಗೆ ಅವಳ ಟೊಂಕ ಹಿಡಿಯಿತು. ಸಹಿಸಿದಳು, ಎಣ್ಣೆ ಹಚ್ಚಿಸಿಕೊಂಡಳು, ಬಿಸಿನೀರಿನ ಚೀಲ ಇಟ್ಟುಕೊಂಡಳು. ಕೊನೆಗೆ ಮನೆಯ ಹತ್ತಿರದ ಒಬ್ಬ ಡಾಕ್ಟರರ ಬಳಿ ಹೋದೆವು. ಅವರು ಸಣ್ಣ ವಯಸ್ಸಿನವರು, ಮುಖದಲ್ಲಿ ನಗು. ಅವ್ವನನ್ನು ನೋಡಿ, "ಬಾ, ಕ್ಯಾಂ ದುಖೇ ಛೇ?" ಅಂದರು.

ಗುಜರಾತಿಯಲ್ಲಿ ‘ಬಾ’ ಅಂದರೆ ತಾಯಿ. ಉಳಿದದ್ದಕ್ಕೆ ‘ಎಲ್ಲಿ ನೋಯುತ್ತದೆ’ ಅಂತ ಅರ್ಥ. ಅವ್ವನಿಗೆ ಆಗ ಗುಜರಾತಿ ಬರುತ್ತಿರಲಿಲ್ಲ. ಆ ವಾಕ್ಯದಲ್ಲಿ ಅವಳ ಕಿವಿಗೆ ಹಿಡಿಸಿದ್ದು ಒಂದೇ ಪದ, ದುಃಖ. ದುಃಖ ಎಲ್ಲಿದೆ ಅಂತ ಕೇಳುತ್ತಿದ್ದಾರೆ ಅಂದುಕೊಂಡಳು. ಒಂದು ಗಳಿಗೆ ಸುಮ್ಮನಿದ್ದು, "ಧಾರವಾಡದಾಗ" ಅಂದಳು.

ಡಾಕ್ಟರು ನನ್ನ ಮುಖ ನೋಡಿದರು. ನಾನು ಅವಸರವಸರವಾಗಿ "ಕಮರ್‌ಮಾಂ" ಅಂದೆ. ಸೊಂಟದಲ್ಲಿ ಅಂತ. ಅವರು ಬರೆದುಕೊಂಡರು.

ಅವತ್ತು ನನಗೆ ನಗು ಬಂದಿತ್ತು. ಆಮೇಲೆ ನೋವಿನ ಬಗ್ಗೆ ಓದುತ್ತಾ ಹೋದ ಹಾಗೆ ನಗು ಕಡಿಮೆಯಾಯಿತು. ನನ್ನ ಅನುವಾದಕ್ಕಿಂತ ಅವ್ವನ ಉತ್ತರವೇ ಪ್ರಶ್ನೆಗೆ ಹತ್ತಿರವಾಗಿತ್ತೇನೋ ಅಂತ ಅನ್ನಿಸತೊಡಗಿತು. ಇವತ್ತು ನಿಮ್ಮ ಮುಂದೆ ಮಾತಾಡಲು ಕೂತಿರುವುದೂ ಅದಕ್ಕೇ.

ಗುಜರಾತಿಯವರು ತಲೆನೋವಿಗೂ ‘ಮಾಥುಂ ದುಖೇ ಛೇ’ ಅನ್ನುತ್ತಾರೆ. ಮನಸ್ಸಿನ ಸಂಕಟದ ಪದವೇ ಮೈಯ ಸಂಕಟಕ್ಕೂ ಕ್ರಿಯಾಪದವಾಗಿದೆ. ನಮ್ಮಲ್ಲೂ ಹೆಚ್ಚು ದೂರವಿಲ್ಲ. ಹಲ್ಲು ನೋಯುತ್ತದೆ, ಮಾತಿಗೂ ಮನಸ್ಸು ನೋಯುತ್ತದೆ. ‘ವೇದನೆ’ ಸವೆದು ನಮ್ಮ ‘ಬೇನೆ’ ಆಯಿತು. ಧಾರವಾಡದ ಕಡೆ ಇನ್ನೂ ಸವೆದು ‘ಬ್ಯಾನಿ’. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಈ ವೇದನೆಗಳ ನೆಲೆ ಯಾವುದು ಎಂಬ ಪ್ರಶ್ನೆ ಬರುತ್ತದೆ. ಮನಸ್ಸು ಮತ್ತು ಇಂದ್ರಿಯಗಳಿರುವ ದೇಹ, ಎರಡೂ ಎಂದು ಉತ್ತರ. ಕೂದಲು, ಉಗುರಿನ ತುದಿ ಮುಂತಾದವನ್ನು ಬಿಟ್ಟು, ಎಂಬ ವಿನಾಯಿತಿಯೂ ಅಲ್ಲಿದೆ. ಮನಸ್ಸನ್ನು ಮೊದಲು ಹೇಳಿದ್ದಾನೆ ಗಮನಿಸಿ. ಛಂದಸ್ಸಿಗೆ ಹೊಂದಲಿ ಅಂತ ಹಾಗೆ ಹೇಳಿರಲೂಬಹುದು, ನಾನು ಅದರ ಮೇಲೆ ದೊಡ್ಡ ಕಟ್ಟಡ ಕಟ್ಟುವುದಿಲ್ಲ.

ಡಾಕ್ಟರರ ಎರಡನೇ ಪ್ರಶ್ನೆ, ನೋವು ಹೇಗಿದೆ? ಅವ್ವ ಶುರು ಮಾಡಿದಳು. "ಏಳುವಾಗ ಟೊಂಕದಾಗ ಚಳಕು ಹೊಡದಂಗ ಆಗತೈತಿ. ಆಮ್ಯಾಲೆ ಕಾಲಾಗ ಸೆಳಕು ಇಳೀತೈತಿ. ರಾತ್ರಿ ಬರೇ ಹರೀತೈತಿ. ಒಮ್ಮೊಮ್ಮೆ ಝುಂ ಅಂತೈತಿ." ಇವಿಷ್ಟನ್ನೂ ನಾನು ಗುಜರಾತಿಗೆ ತರಬೇಕು. ಚಳಕು ಅಂದರೆ ತಟ್ಟನೆ ಹಿಡಿದು ಬಿಡುವುದು, ಸೆಳಕು ಅಂದರೆ ಎಳೆಯುತ್ತಾ ಹರಿಯುವುದು. ನನಗೆ ಹೊಳೆದದ್ದು ‘ಬಹು ದುಖೇ ಛೇ’, ತುಂಬಾ ನೋಯುತ್ತದೆ. ನಾಲ್ಕು ನೋವು ಸೇರಿ ಒಂದಾದವು. ಗುಜರಾತಿಯಲ್ಲಿ ಪದಗಳಿಲ್ಲ ಅಂತಲ್ಲ, ನನ್ನ ಗುಜರಾತಿ ತರಕಾರಿ ಮಾರುಕಟ್ಟೆಯ ಗುಜರಾತಿ.

ಕೆನಡಾದ ರೊನಾಲ್ಡ್ ಮೆಲ್ಜಾಕ್ ಎಂಬ ಮನಶ್ಶಾಸ್ತ್ರಜ್ಞ ರೋಗಿಗಳು ನೋವಿಗೆ ಬಳಸುವ ಪದಗಳನ್ನು ಕೂಡಿಹಾಕಿ 1975ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದ. 78 ಪದ, 20 ಗುಂಪು. ಚುಚ್ಚುವುದು, ಉರಿಯುವುದು, ಹಿಂಡುವುದು ಒಂದು ಕಡೆ. ಸುಸ್ತು ಮಾಡುವುದು, ಹೆದರಿಸುವುದು, ಶಿಕ್ಷೆ ಕೊಡುವಂಥದು ಇನ್ನೊಂದು ಕಡೆ. ಮೈಯ ಪದಗಳ ಜೊತೆ ಮನಸ್ಸಿನ ಪದಗಳನ್ನೂ ವೈದ್ಯಕೀಯ ದಾಖಲೆಯೊಳಗೆ ಸೇರಿಸಿದ್ದು ಅದರ ಹೆಚ್ಚುಗಾರಿಕೆ. ಕನ್ನಡದಲ್ಲಿ ಅಂಥ ಪಟ್ಟಿ ಮಾಡಲು ಕೂತರೆ ತಲೆ ಸಿಡಿಯುತ್ತದೆ, ಹೊಟ್ಟೆ ಕಡಿಯುತ್ತದೆ, ಕಾಲು ಸೇದುತ್ತದೆ, ಗಾಯ ಚುರುಗುಟ್ಟುತ್ತದೆ, ಕುರು ಪಟಪಟ ಅನ್ನುತ್ತದೆ, ಕರುಳು ಕಿವುಚುತ್ತದೆ. ಕರುಳು ಕಿವುಚುವುದು ಆಮಶಂಕೆಯಲ್ಲೂ ಹೌದು, ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಹೌದು.

ಮೂರನೇ ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ. ಹತ್ತಕ್ಕೆ ಎಷ್ಟು? ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯಲಾರದ್ದು. ಅವ್ವ ಯೋಚನೆ ಮಾಡಿ, "ರೂಪಾಯಿದಾಗ ಹನ್ನೆರಡಾಣೆ ನೋಡವಾ" ಅಂದಳು. ಆಣೆ ಲೆಕ್ಕ ನಿಂತದ್ದು 1957ರಲ್ಲಿ, ನೋವಿನ ಲೆಕ್ಕದಲ್ಲಿ ಇನ್ನೂ ನಿಂತಿಲ್ಲ. ನಾನು ಮನಸ್ಸಿನಲ್ಲೇ ಗುಣಿಸಿ ಭಾಗಿಸಿ ಏಳೂವರೆ ಅಂದೆ. ಏಳೂವರೆ ಅಂತ ಇಷ್ಟು ಖಚಿತವಾಗಿ ಹೇಳುವ ರೋಗಿಯನ್ನು ಆ ಡಾಕ್ಟರು ಮೊದಲ ಸಲ ನೋಡಿರಬೇಕು.

ನೋವಿನ ಬಗ್ಗೆ ನಮ್ಮೆಲ್ಲರ ತಲೆಯಲ್ಲಿರುವ ಚಿತ್ರ ಹಳೆಯದು. ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತ್‌ನ ಪುಸ್ತಕವೊಂದು ಅವನು ಸತ್ತ ಮೇಲೆ, 1664ರಲ್ಲಿ, ಫ್ರೆಂಚಿನಲ್ಲಿ ಅಚ್ಚಾಯಿತು. ಅದರಲ್ಲಿ ಬೆಂಕಿಯ ಪಕ್ಕ ಕಾಲಿಟ್ಟಿರುವ ಒಬ್ಬನ ಚಿತ್ರವಿದೆ. ಕಾಲಿನಿಂದ ತಲೆಗೆ ಒಂದು ದಾರ. ಕೆಳಗೆ ಬೆಂಕಿ ತಾಗಿದರೆ ದಾರ ಜಗ್ಗುತ್ತದೆ, ಗುಡಿಯ ಗಂಟೆಯ ಹಗ್ಗ ಎಳೆದ ಹಾಗೆ ಮೇಲೆ ಗಂಟೆ ಬಾರಿಸುತ್ತದೆ. ಜೋರಾಗಿ ಎಳೆದರೆ ಜೋರು ಗಂಟೆ. ಅಂದರೆ ಗಾಯ ಎಷ್ಟೋ ನೋವು ಅಷ್ಟು.

ದಾರ ಇರುವುದು ಸುಳ್ಳಲ್ಲ, ಒಂದಲ್ಲ ಎರಡು ಬಗೆಯವು. ಬಿಸಿ ಹಂಚಿಗೆ ಬೆರಳು ತಗುಲಿದರೆ ಮೊದಲು ಚುರುಕ್ ಅನ್ನುತ್ತದೆ, ಕೈ ಹಿಂದಕ್ಕೆ ಬರುತ್ತದೆ. ಒಂದು ಉಸಿರಿನ ಆಮೇಲೆ ಉರಿ ಶುರು. ಮೊದಲ ಸುದ್ದಿ ತರುವ ನರದೆಳೆ ಸೆಕೆಂಡಿಗೆ ಹತ್ತಿಪ್ಪತ್ತು ಮೀಟರು ಓಡುತ್ತದೆ. ಎರಡನೆಯದು ತೆಳ್ಳಗಿನದು, ಹೊರಗವಚವಿಲ್ಲದ್ದು, ಸೆಕೆಂಡಿಗೆ ಒಂದು ಮೀಟರಿನಷ್ಟು ತೆವಳುತ್ತದೆ. ಕಾಲಿನ ಹೆಬ್ಬೆರಳು ಹೊಸ್ತಿಲಿಗೆ ಎಡವಿದಾಗ, ‘ಈಗ ಬರುತ್ತೆ ನೋಡು’ ಅಂತ ಹಲ್ಲು ಕಚ್ಚಿ ಕಾಯುವಷ್ಟು ವೇಳೆ ಸಿಗುವುದು ಅದಕ್ಕೇ. ಆದರೆ ಅದೇ ಹಂಚಿನ ಮೇಲೆ ಅವ್ವ ಐವತ್ತು ವರ್ಷ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕಿದ್ದಾಳೆ. ಚರ್ಮ ದಪ್ಪವಾಗಿರಬಹುದು, ಒಪ್ಪೋಣ. ಆದರೆ ನೆಂಟರ ಮನೆಯಲ್ಲಿ ಕೈಮರೆತು ಬಿಸಿ ಚಹಾದ ಲೋಟ ಹಿಡಿದಾಗ ಅದೇ ಬೆರಳು ‘ಹಾ’ ಅಂದದ್ದನ್ನು ನಾನು ನೋಡಿದ್ದೇನೆ. ರೊಟ್ಟಿಯ ಬಿಸಿ ಗೊತ್ತಿರುವ ಬಿಸಿ, ಅದಕ್ಕೆ ಅವಳೇ ಯಜಮಾನಿ.

ದೆಕಾರ್ತ್‌ನ ಗಂಟೆಗೆ ಈ ಯಜಮಾನಿಕೆಯ ಲೆಕ್ಕ ಸಿಗುವುದಿಲ್ಲ. 1965ರಲ್ಲಿ ಅದೇ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ‘ಸೈನ್ಸ್’ ಪತ್ರಿಕೆಯಲ್ಲಿ ಬೇರೊಂದು ಚಿತ್ರ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ. ಗಾಯದ ಸುದ್ದಿ ಅಲ್ಲಿಗೆ ಬರುತ್ತದೆ. ಅದೇ ಜಾಗದಿಂದ ಸ್ಪರ್ಶದ, ಒತ್ತಡದ ಸುದ್ದಿಯೂ ದಪ್ಪ ನರಗಳಲ್ಲಿ ಬಂದರೆ ಬಾಗಿಲು ಅರ್ಧ ಮುಚ್ಚುತ್ತದೆ. ಮೇಲಿಂದ ಮೆದುಳೂ ಅದನ್ನು ತೆರೆಯಬಹುದು, ಮುಚ್ಚಬಹುದು. ವಿವರಗಳಲ್ಲಿ ಆಮೇಲೆ ತಿದ್ದುಪಡಿಗಳಾಗಿವೆ, ಆದರೆ ಬಾಗಿಲೊಂದು ಇದೆ ಅನ್ನುವ ಮಾತು ನಿಂತಿದೆ. ಮಗು ಬಿದ್ದು ಮೊಣಕಾಲು ತರಚಿಕೊಂಡರೆ ನಮ್ಮ ತಾಯಂದಿರು ಏನು ಮಾಡುತ್ತಾರೆ? ಉಫ್ ಅಂತ ಊದುತ್ತಾರೆ, ಸುತ್ತಮುತ್ತ ತಿಕ್ಕುತ್ತಾರೆ, ಆಮೇಲೆ ನೆಲಕ್ಕೆ ಎರಡೇಟು ಹೊಡೆಯುತ್ತಾರೆ. ಊದಿದ್ದು, ತಿಕ್ಕಿದ್ದು ಕೆಳಗಿನಿಂದ ಬಾಗಿಲು ಮುಚ್ಚಲಿಕ್ಕೆ. ನೆಲಕ್ಕೆ ಹೊಡೆದದ್ದು ಮೇಲಿನಿಂದ.

ಮೇಲಿನಿಂದ ಬಾಗಿಲು ಮುಚ್ಚುವುದನ್ನು ವಡೋದರಾದಲ್ಲಿ ನೋಡಬೇಕಾದರೆ ಜನವರಿ 14ಕ್ಕೆ ಬನ್ನಿ. ನಮಗೆ ಸಂಕ್ರಾಂತಿ, ಇವರಿಗೆ ಉತ್ತರಾಯಣ. ಊರೆಲ್ಲ ತಾರಸಿಯ ಮೇಲೆ. ಗಾಜಿನಪುಡಿ ಬಳಿದ ದಾರ, ಒಬ್ಬರ ಗಾಳಿಪಟವನ್ನು ಇನ್ನೊಬ್ಬರು ಕತ್ತರಿಸಿದರೆ ‘ಕಾಯ್‌ಪೋ ಛೇ’ ಅಂತ ಕೂಗು. ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದರೂ ದಾರ ಕುಯ್ಯುತ್ತದೆ. ನಮ್ಮ ಪಕ್ಕದ ಮನೆಯ ಹುಡುಗ ಸಂಜೆ ಊಂಧಿಯು ತಿನ್ನಲು ಕೈ ತೊಳೆಯುವಾಗ ನೀರು ಕೆಂಪಾದದ್ದು ನೋಡಿದ. ಆಮೇಲೆಯೇ ‘ಅಯ್ಯೋ’ ಅಂದದ್ದು. ಗಾಯ ಮಧ್ಯಾಹ್ನದ್ದು, ನೋವು ಸಂಜೆಯದು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಆಂಜಿಯೋ ಮುಂತಾದ ಕಡೆ ಕೆಲಸ ಮಾಡಿದ ಅಮೆರಿಕದ ವೈದ್ಯ ಹೆನ್ರಿ ಬೀಚರ್, ಭಾರೀ ಗಾಯಗೊಂಡ ಸೈನಿಕರಲ್ಲಿ ಮುಕ್ಕಾಲು ಪಾಲು ಜನ ನೋವಿನ ಔಷಧ ಬೇಡ ಅಂದದ್ದನ್ನು 1946ರಲ್ಲಿ ಬರೆದ. ಅವರಿಗೆ ಆ ಗಾಯ ಅಂದರೆ ಯುದ್ಧ ಮುಗಿಯಿತು, ಊರಿಗೆ ಹೋಗಬಹುದು.

ಇದರ ತಿರುಗುಮುರುಗು ಕತೆ 1995ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿದೆ. ಕಟ್ಟಡ ಕೆಲಸದ 29 ವರ್ಷದ ಯುವಕ ಮೇಲಿಂದ ಜಿಗಿದದ್ದು 15 ಸೆಂಟಿಮೀಟರ್ ಉದ್ದದ ಮೊಳೆಯ ಮೇಲೆ. ಮೊಳೆ ಬೂಟನ್ನು ತೂರಿ ಮೇಲೆ ಬಂದಿತ್ತು. ಸ್ವಲ್ಪ ಅಲ್ಲಾಡಿಸಿದರೂ ಚೀರಾಟ. ಪ್ರಬಲ ನೋವುನಿವಾರಕ ಕೊಟ್ಟು ಬೂಟು ತೆಗೆದು ನೋಡಿದರೆ, ಮೊಳೆ ಎರಡು ಬೆರಳುಗಳ ಸಂದಿಯಲ್ಲಿ ಹಾದುಹೋಗಿತ್ತು. ಕಾಲಿಗೆ ಒಂದು ಗೀರೂ ಇಲ್ಲ. ನಾಟಕ ಅಂತ ಅನ್ನಬೇಡಿ. ಕಣ್ಣು ಕಂಡದ್ದನ್ನು ನಂಬಿ ಮೆದುಳು ತೀರ್ಪು ಕೊಟ್ಟಿತ್ತು, ಆ ತೀರ್ಪಿನ ಹೆಸರೇ ನೋವು.

ಮತ್ತೆ ಅವ್ವನ ಟೊಂಕಕ್ಕೆ ಬರುತ್ತೇನೆ. ಎಂಆರ್‌ಐ ಆಯಿತು. ಅದನ್ನು ಓದಿ ಹೇಳಿದವರು ಇನ್ನೊಬ್ಬ ಡಾಕ್ಟರು. "ಗಾದೀ ಘಸಾಈ ಗಈ ಛೇ" ಅಂದರು. ಬೆನ್ನೆಲುಬಿನ ನಡುವಿನ ಮೆತ್ತೆಗೆ ಇಲ್ಲಿ ಗಾದಿ ಅನ್ನುತ್ತಾರೆ. ಗಾದಿ ಸವೆದಿದೆ. ಈ ಸಲ ನಾನು ಅನುವಾದ ಮಾಡಬೇಕಾಗಲಿಲ್ಲ. ಗಾದಿ ಧಾರವಾಡದಲ್ಲೂ ಗಾದಿಯೇ, ಸವೆತಕ್ಕೆ ಅವರು ಕೈಯಲ್ಲೇ ಉಜ್ಜಿ ತೋರಿಸಿದರು. ಅವತ್ತಿನಿಂದ ಅವ್ವ ಬಗ್ಗುವುದನ್ನು ಬಿಟ್ಟಳು, ಕೆಳಗೆ ಕೂರುವುದನ್ನು ಬಿಟ್ಟಳು. ಸವೆದ ಚಪ್ಪಲಿಯನ್ನು ಇನ್ನಷ್ಟು ಸವೆಸಬಾರದು ಅಂತ ಕೈಯಲ್ಲಿ ಹಿಡಿದು ನಡೆಯುವವರಿಲ್ಲವೇ, ಹಾಗೆ. ಹನ್ನೆರಡಾಣೆ ಹದಿನಾಲ್ಕಾಣೆ ಆಯಿತು.

1994ರಲ್ಲಿ ಅಮೆರಿಕದ ಕೆಲವು ವೈದ್ಯರು ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದ್ದರು. ಎಲ್ಲ ಮೆತ್ತೆಗಳೂ ನೆಟ್ಟಗಿದ್ದದ್ದು ನೂರಕ್ಕೆ 36 ಜನರಲ್ಲಿ ಮಾತ್ರ. ಅರ್ಧಕ್ಕಿಂತ ತುಸು ಹೆಚ್ಚು ಜನರಲ್ಲಿ ಒಂದಾದರೂ ಮೆತ್ತೆ ಉಬ್ಬಿತ್ತು. ಅವರಿಗೆ ನೋವಿಲ್ಲ, ವರದಿ ಮಾತ್ರ ಅವ್ವನ ವರದಿಯಂಥದ್ದೇ. ವಯಸ್ಸಾದ ಹಾಗೆ ಕೂದಲು ನರೆಯುತ್ತದೆ, ಒಳಗೂ ಏನೋ ನರೆಯುತ್ತದೆ. ಈ ಒಂದು ವಾಕ್ಯವನ್ನು ಗಾದಿಯ ಜೊತೆಗೇ ಹೇಳಿದ್ದರೆ ಎರಡಾಣೆ ಉಳಿಯುತ್ತಿತ್ತು.

ಇಲ್ಲಿ ಒಂದು ಅಪಾಯವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ನೋವಿನಲ್ಲಿ ಮನಸ್ಸಿನ ಪಾಲಿದೆ ಅಂದ ಕೂಡಲೇ ಕೆಲವರು ‘ಹಾಗಾದರೆ ಏನೂ ಇಲ್ಲ, ಎಲ್ಲಾ ಮನಸ್ಸಿನ ಭ್ರಮೆ’ ಅಂತ ಕೈ ತೊಳೆದುಕೊಳ್ಳುತ್ತಾರೆ. ಹೆಂಗಸರಿಗೆ, ಮುದುಕರಿಗೆ ಈ ಮಾತು ಹೆಚ್ಚು ಬೀಳುತ್ತದೆ. ನಮ್ಮ ನೆಂಟರೊಬ್ಬರು ಫೋನಿನಲ್ಲಿ ಅವ್ವನಿಗೆ ಹಾಗೇ ಅಂದರು. ಅವ್ವ ಫೋನಿಟ್ಟು, "ಮನಸಿನಾಗ ಆದ್ರ ಮನಸೇನ್ ಪರದೇಶದಾಗ ಐತೇನು? ಈ ಮೈಯಾಗ ಐತಲ್ಲ" ಅಂದಳು. ಜಗತ್ತಿನ ನೋವುತಜ್ಞರ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಮತ್ತೆ ಬರೆದಾಗ, ಅದು ಅಹಿತವಾದ ಇಂದ್ರಿಯಾನುಭವವೂ ಹೌದು, ಭಾವಾನುಭವವೂ ಹೌದು ಅಂದದ್ದಲ್ಲದೆ, ನೋಯುತ್ತಿದೆ ಎಂದವರ ಮಾತನ್ನು ಗೌರವಿಸಬೇಕು ಅಂತ ಟಿಪ್ಪಣಿಯನ್ನೂ ಸೇರಿಸಿತು.

ಮನಸ್ಸಿನ ಪಾಲು ಅಂದರೆ ಗಾಳಿಯಲ್ಲಿ ತೇಲುವ ಸಂಗತಿಯೂ ಅಲ್ಲ. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ 1975ರಲ್ಲಿ, ಮೆದುಳೇ ತಯಾರಿಸಿಕೊಳ್ಳುವ ಅಫೀಮಿನಂಥ ವಸ್ತುವನ್ನು ಗುರುತಿಸಿದರು. ಮೂರು ವರ್ಷದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ, ಹಲ್ಲು ಕೀಳಿಸಿಕೊಂಡವರಿಗೆ ಔಷಧವೇ ಇಲ್ಲದ ಮದ್ದು ಕೊಟ್ಟರು. ಕೆಲವರ ನೋವು ಇಳಿಯಿತು. ಆಮೇಲೆ ಅಫೀಮಿನ ಕೆಲಸವನ್ನು ತಡೆಯುವ ನ್ಯಾಲೊಕ್ಸೋನ್ ಕೊಟ್ಟಾಗ ಇಳಿದವರ ನೋವು ಮತ್ತೆ ಏರಿತು. ನಂಬಿಕೆಯೊಂದೇ ಒಳಗಿನ ಔಷಧದಂಗಡಿಯ ಬಾಗಿಲು ತೆಗೆಸಿತ್ತು. ನಮ್ಮ ಹಳ್ಳಿಗಳ ಚೇಳಿನ ಮಂತ್ರ ನೆನಪಾಗುತ್ತದೆ. ಮಂತ್ರ ಹಾಕುವವನು ತೋಳಿನಿಂದ ಕೆಳಕ್ಕೆ ಬೇವಿನ ಸೊಪ್ಪು ಸವರುತ್ತಾ ‘ಎಲ್ಲಿಗೆ ಇಳಿಯಿತು’ ಅಂತ ಕೇಳುತ್ತಿದ್ದ. ಉರಿ ಮೊಣಕೈಗೆ, ಮುಂಗೈಗೆ, ಬೆರಳಿಗೆ ಇಳಿಯುತ್ತಿತ್ತು. ಇಳಿದದ್ದು ನಿಜ. ಆದರೆ ವಿಷ ಮಂತ್ರ ಕೇಳುವುದಿಲ್ಲ. ಕೆಂಪು ಚೇಳು ಕಚ್ಚಿದ ಮಕ್ಕಳು ಹೃದಯ ಸೋತು ಸಾಯುತ್ತಿದ್ದುದನ್ನು ತಡೆದದ್ದು ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್, 1980ರ ದಶಕದಲ್ಲಿ, ಪ್ರಾಜೋಸಿನ್ ಎಂಬ ರಕ್ತದೊತ್ತಡದ ಗುಳಿಗೆಯಿಂದ. ನೋವು ಬೇರೆ, ಅಪಾಯ ಬೇರೆ. ಬೆನ್ನುನೋವಿನ ಜೊತೆ ಜ್ವರ ಬಂದರೆ, ಮೂತ್ರ ಕಟ್ಟಿದರೆ, ಕಾಲಿನ ಶಕ್ತಿ ಹೋದರೆ ನನ್ನ ಭಾಷಣ ಬಿಟ್ಟು ಆಸ್ಪತ್ರೆಗೆ ಹೋಗಿ.

   

ಗುಜರಾತಿನಲ್ಲಿ ನೋವಿನ ಮಾತೆತ್ತಿದರೆ ಸರ್ದಾರ್ ವಲ್ಲಭಭಾಯಿ ಪಟೇಲರ ಕುರುವಿನ ಕತೆ ಬಂದೇ ಬರುತ್ತದೆ. ಅವರ ಊರು ಕರಮಸದ ವಡೋದರಾಕ್ಕೆ ದೂರವಲ್ಲ. ಹುಡುಗನಾಗಿದ್ದಾಗ ಕುರು ಎದ್ದಿತು, ಕಾದ ಕಬ್ಬಿಣದಿಂದ ಸುಡಬೇಕು, ಸುಡುವವನ ಕೈ ಹಿಂಜರಿಯಿತು, ಹುಡುಗ ತಾನೇ ಕಬ್ಬಿಣ ತೆಗೆದುಕೊಂಡು ಒತ್ತಿಕೊಂಡ ಅಂತ ಹೇಳುತ್ತಾರೆ. ನಮ್ಮ ಮಗಳ ಶಾಲೆಯಲ್ಲಿ ಇದನ್ನು ಧೈರ್ಯದ ಪಾಠವಾಗಿ ಹೇಳಿದರು. ನನಗೆ ಸ್ವಲ್ಪ ತಕರಾರಿದೆ. ನೋವು ನುಂಗುವುದೇ ಗಂಡಸ್ತನ ಅಂತ ಕಲಿತ ಮಕ್ಕಳು ಮುಂದೆ ಎದೆನೋವನ್ನೂ ಗ್ಯಾಸ್ ಅಂತ ನುಂಗುತ್ತಾರೆ. ಆದರೆ ಕತೆಯೊಳಗೆ ಬೇರೊಂದು ನಿಜ ಅವಿತಿದೆ. ಇನ್ನೊಬ್ಬರು ಮಾಡುವ ನೋವಿಗಿಂತ ನಾವೇ ಮಾಡಿಕೊಳ್ಳುವ ನೋವು ಕಡಿಮೆ ಅನ್ನಿಸುತ್ತದೆ, ಇದು ಪ್ರಯೋಗಗಳಲ್ಲೂ ಕಂಡಿದೆ. ಯಾವಾಗ, ಎಷ್ಟು ಎಂಬುದು ನಮ್ಮ ಕೈಯಲ್ಲಿರುತ್ತದಲ್ಲ. ಹುಡುಗ ಕಬ್ಬಿಣವನ್ನಷ್ಟೇ ಕಸಿದುಕೊಂಡಿರಲಿಲ್ಲ. ಅವ್ವನ ರೊಟ್ಟಿ ಹಂಚೂ ಇದೇ ಕತೆ.

ವಡೋದರಾಕ್ಕೆ ಬಂದ ಅವ್ವನ ಕೈಯಲ್ಲಿ ಏನಿತ್ತು? ಹಂಚು ನನ್ನ ಸುಪರ್ದಿಗೆ ಬಂದಿತ್ತು, ಕೀಲಿಕೈ ಅಳಿಯನ ಜೇಬಿನಲ್ಲಿ. ಮಾತಾಡಲು ಟಿವಿ. ಕಳ್ಳ ಒಮ್ಮೆ ಹೊಕ್ಕ ಮನೆಯ ನಾಯಿ ಎಲೆ ಅಲ್ಲಾಡಿದರೂ ಬೊಗಳುತ್ತದೆ. ಬಹಳ ದಿನ ನೋವು ಕಂಡ ನರಗಳೂ ಹಾಗೇ ಆಗುತ್ತವೆ, ಸಣ್ಣ ಸದ್ದಿಗೂ ದೊಡ್ಡ ಬೊಗಳು. ನಿದ್ದೆಗೆಟ್ಟರೆ ಅದು ಇನ್ನೂ ಸಿಡುಕುತ್ತದೆ. ಸುಮ್ಮನೆ ಮಲಗಿಸಿದರೆ ಶಾಂತವಾಗುತ್ತದೆ ಅಂದುಕೊಂಡಿದ್ದೆ, ಅದು ನನ್ನ ತಪ್ಪು. ಓಡಾಟ ನಿಂತಷ್ಟೂ ಸ್ನಾಯು ಸೋಲುತ್ತದೆ, ಹೆದರಿಕೆ ಬಲಿಯುತ್ತದೆ. ಆಮೇಲೆ ಸಿಕ್ಕ ಫಿಸಿಯೋಥೆರಪಿಯವರು, "ಬಾ, ಗಾದಿಯ ಚಿಂತೆ ಬಿಡಿ, ದಿನಾ ಬೀದಿಯ ಕೊನೆತನಕ ಹೋಗಿ ಬನ್ನಿ" ಅಂದರು. ಬೀದಿಯ ಕೊನೆಯಲ್ಲಿ ಒಂದು ಕಟ್ಟೆ, ಅಲ್ಲಿ ನಾಲ್ಕು ಗುಜರಾತಿ ಬಾಗಳು. ಮೊದಲು ಕೈಸನ್ನೆ, ಆಮೇಲೆ ಮೆಂತ್ಯದ ಲಾಡು, ಆಮೇಲೆ ಎಲ್ಲರೂ ಎಲ್ಲರ ಸೊಂಟದ ಮಾತು. ಅವರಲ್ಲೊಬ್ಬರಿಗೆ ‘ಬಾರ್ ಆನಾ’ ಅಂದರೆ ತಟ್ಟನೆ ಅರ್ಥವಾಯಿತಂತೆ. ನನ್ನ ಏಳೂವರೆಯ ಕಷ್ಟ ಅವ್ವನಿಗೆ ಅಲ್ಲಿ ಬರಲಿಲ್ಲ.

ನವರಾತ್ರಿ ಬಂತು. ವಡೋದರಾದ ಗರಬಾ ಅಂದರೆ ಸಾವಿರಾರು ಜನ ಒಂದೇ ಸುತ್ತಿನಲ್ಲಿ, ಎಷ್ಟೋ ಜನ ಬರಿಗಾಲಿನಲ್ಲಿ, ಗಂಟೆಗಟ್ಟಲೆ ಕುಣಿಯುವುದು. ನಡುರಾತ್ರಿವರೆಗೆ ಯಾರಿಗೂ ಕಾಲಿಲ್ಲ, ಬೆಳಿಗ್ಗೆ ಎಲ್ಲರಿಗೂ ಕಾಲೇ. ಆಕ್ಸ್‌ಫರ್ಡಿನ ಸಂಶೋಧಕರು 12 ಹುಟ್ಟುಗಾರರ ಮೇಲೆ ಮಾಡಿದ ಪುಟ್ಟ ಪ್ರಯೋಗವೊಂದು 2010ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರೇ ಯಂತ್ರದ ಮೇಲೆ ಹುಟ್ಟು ಹಾಕಿದಾಗಿನದಕ್ಕಿಂತ ಒಟ್ಟಿಗೆ ಲಯದಲ್ಲಿ ಹಾಕಿದಾಗ, ಶ್ರಮ ಅಷ್ಟೇ ಇದ್ದರೂ, ಅವರ ನೋವು ತಡೆಯುವ ಶಕ್ತಿ ಹೆಚ್ಚಾಗಿತ್ತು. ಹನ್ನೆರಡು ಜನರಿಂದ ಜಗತ್ತಿನ ಬಗ್ಗೆ ತೀರ್ಮಾನಕ್ಕೆ ಬರಬಾರದು, ನಿಜ. ಆಮೇಲೆ ಕುಣಿತದ ಮೇಲೆ ನಡೆದ ಪ್ರಯೋಗಗಳೂ ಅದೇ ದಿಕ್ಕಿಗೆ ಕೈ ತೋರಿಸಿವೆ. ನಮ್ಮ ಸೊಸೈಟಿಯ ಅಂಗಳದಲ್ಲಿ ಅವ್ವ ಮೊದಲ ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಐದನೇ ದಿನ ನೋಡುತ್ತೇನೆ, ಕುರ್ಚಿ ಖಾಲಿ. ಕಟ್ಟೆಯ ಬಾಗಳ ಜೊತೆ ಹೊರಸುತ್ತಿನಲ್ಲಿ, ಧಾರವಾಡದ ಕೋಲಾಟದ ಹೆಜ್ಜೆ ಹಾಕುತ್ತಾ ಹೋಗುತ್ತಿದ್ದಾಳೆ. ಯಾರಿಗೂ ಅದು ಗರಬಾ ಅಲ್ಲ ಅನ್ನಿಸಲಿಲ್ಲ.

ನೋವು ಹೋಗಲಿಲ್ಲ. ಮಳೆಗಾಲದಲ್ಲಿ ಎಂಟಾಣೆಗೆ ಏರುತ್ತದೆ, ಅಪ್ಪನ ತಿಥಿಯ ವಾರ ಹತ್ತಾಣೆ. ಹೋದ ತಿಂಗಳು ಮತ್ತೆ ಅದೇ ನಗುಮುಖದ ಡಾಕ್ಟರರ ಬಳಿ ಹೋಗಿದ್ದೆವು. "ಬಾ, ಕ್ಯಾಂ ದುಖೇ ಛೇ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಗುಜರಾತಿಯಲ್ಲಿ, "ಕಮರ್‌ಮಾಂ, ಥೋಡುಂ ಥೋಡುಂ" ಅಂದಳು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ, ಬಗ್ಗಿಯೇ ಮೆಟ್ಟುತ್ತಾ, ನನಗೆ ಹೇಳಿದಳು: "ಧಾರವಾಡದ್ದು ಅವರಿಗ್ಯಾಕ ಹೇಳೂದು? ಅದಕ್ಕ ಅವರ ಕಡೆ ಗುಳಿಗಿ ಇಲ್ಲ."